ಪ್ರತಿಕ್ರಿಯೆ: ಸೀಸರ್ ರಾಡ್ನಿಯ ರಾತ್ರಿ ಪ್ರಯಾಣ ನಿಜವೇ?

ನೀವು ಕೇಳಿದ್ದು ಎರಡು ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸೀಸರ್ ರಾಡ್ನಿ ಶಾಸಕನೋ ಸೇನಾಧಿಕಾರಿಯೋ, ಮತ್ತು ಸ್ವಾತಂತ್ರ್ಯದ ಪರ ಮತ ಹಾಕಲು 1776ರಲ್ಲಿ ಆತ ಮಾಡಿದನೆನ್ನುವ ರಾತ್ರಿ ಪ್ರಯಾಣ ದಂತಕಥೆಯೇ ಎಂದು.

ಆತ ಎರಡೂ ಆಗಿದ್ದ. 1728ರಲ್ಲಿ ಡೆಲವೇರ್‌ನ ಡೋವರ್ ಬಳಿ ಹುಟ್ಟಿದ ರಾಡ್ನಿ ಕೌಂಟಿಯ ಶೆರೀಫ್ ಆಗಿ, ಪ್ರಾಂತ್ಯ ಶಾಸನಸಭೆಯ ಸ್ಪೀಕರ್ ಆಗಿ ದುಡಿದ. ಮಿಲಿಷಿಯಾ ಎಂಬ ನಾಗರಿಕ ಪಡೆಯಲ್ಲಿ ಬ್ರಿಗೇಡಿಯರ್ ಜನರಲ್ ಕೂಡ ಆದ.

ಪ್ರಯಾಣ ನಡೆದದ್ದು ಖಂಡಿತ ನಿಜ. ಬ್ರಿಟನ್ನಿನಿಂದ ಸ್ವತಂತ್ರವಾಗಬೇಕೇ ಎಂದು ನಿರ್ಧರಿಸಲು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆಯಲ್ಲಿ, ಪ್ರತಿ ವಸಾಹತಿಗೆ ಒಂದೇ ಮತ. ಅಲ್ಲಿ ಹಾಜರಿದ್ದ ಡೆಲವೇರ್‌ನ ಇಬ್ಬರು ಪ್ರತಿನಿಧಿಗಳಲ್ಲಿ ಥಾಮಸ್ ಮೆಕೀನ್ ಸ್ವಾತಂತ್ರ್ಯದ ಪರ, ಜಾರ್ಜ್ ರೀಡ್ ವಿರೋಧ. ಮೂರನೆಯವನಾದ ರಾಡ್ನಿ ಆಗ ಊರಿನಲ್ಲಿ ಬ್ರಿಟಿಷ್ ಪಕ್ಷಪಾತಿಗಳ ಗಲಭೆ ಹತ್ತಿಕ್ಕುತ್ತಿದ್ದ. ಮೆಕೀನ್‌ನಿಂದ ಕರೆ ಬಂದೊಡನೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಜುಲೈ 2ರಂದು ಸಭೆ ತಲುಪಿದ. ಡೆಲವೇರ್ ಸ್ವಾತಂತ್ರ್ಯದ ಕಡೆ ವಾಲಿತು. ಗುಡುಗು ಮಳೆಯಿಂದ ತಡವಾದರೂ ಮತ ಹಾಕಲು ಸಮಯಕ್ಕೆ ಬಂದೆನೆಂದು ತಮ್ಮನಿಗೆ ಸ್ವತಃ ಪತ್ರ ಬರೆದಿದ್ದಾನೆ. ಇಡೀ ದಾರಿ ಕುದುರೆಯ ಬೆನ್ನ ಮೇಲೆಯೇ ಬಂದನೇ, ಗಾಡಿಯಲ್ಲೂ ಬಂದನೇ ಎಂಬ ಬಗ್ಗೆ ಮಾತ್ರ ಚರ್ಚೆಯಿದೆ.

ನನ್ನನ್ನು ಹೆಚ್ಚು ಕಾಡುವುದು ಆತನ ದೇಹಸ್ಥಿತಿ. ಮುಖದ ಕ್ಯಾನ್ಸರ್ ವರ್ಷಗಟ್ಟಲೆ ಹಿಂಸಿಸುತ್ತಿತ್ತು. ಅದನ್ನು ಮರೆಮಾಡಲು ಹಸಿರು ವಸ್ತ್ರ ಕಟ್ಟಿಕೊಳ್ಳುತ್ತಿದ್ದನಂತೆ. ಆ ನೋವಿನಲ್ಲೇ ಯುದ್ಧಕಾಲದಲ್ಲಿ, 1778ರಿಂದ 1781ರವರೆಗೆ, ಡೆಲವೇರ್ ರಾಜ್ಯದ ಅಧ್ಯಕ್ಷನಾಗಿದ್ದ (ಇಂದಿನ ಗವರ್ನರ್ ಹುದ್ದೆಯಂತೆ). 1784ರಲ್ಲಿ ತೀರಿಕೊಂಡ.

ಇನ್ನೊಂದು ಮುಖವನ್ನೂ ಹೇಳಲೇಬೇಕು: ಆತನ ತೋಟಗಳಲ್ಲಿ ದುಡಿದವರು ಗುಲಾಮರು. ಆ ಕಾರಣಕ್ಕೇ 2020ರಲ್ಲಿ ವಿಲ್ಮಿಂಗ್ಟನ್ ನಗರದ ಚೌಕದಿಂದ ಆತನ ಅಶ್ವಾರೂಢ ಪ್ರತಿಮೆಯನ್ನು ಇಳಿಸಲಾಯಿತು.