ಕೀಳುವ ಮುನ್ನ ಫೋಟೊ ತೆಗೆಯಿರಿ

ಓದುಗರ ಪತ್ರ: ಮಳೆಗೆ ನಮ್ಮ ಸಮುದಾಯ ಉದ್ಯಾನದ ತೊರೆ ದಂಡೆ ಕುಸಿದಿದೆ. ಅಲ್ಲಿ ಗೇಣುದ್ದದ ಕಂದು ಕಲ್ಲೊಂದು ಮೂಳೆಯಂತೆ ಕಾಣುತ್ತಿದೆ. ಡೈನೋಸಾರ್ ಪಳೆಯುಳಿಕೆ ಇರಬಹುದೇ? ಅಗೆದು ತೆಗೆಯಲೇ?

ಸಂಪಾದಕರ ಉತ್ತರ: ದಯವಿಟ್ಟು ಅಗೆಯಬೇಡಿ. ಮೊದಲು ಆ ಜಾಗದ ಭೂವೈಜ್ಞಾನಿಕ ನಕ್ಷೆ, ಅಂದರೆ ಎಲ್ಲಿ ಯಾವ ಕಾಲದ ಯಾವ ಶಿಲೆ ಇದೆ ಎಂದು ತೋರಿಸುವ ನಕ್ಷೆ ನೋಡಿ. ಡೈನೋಸಾರ್‌ಗಳ ಕಾಲ ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನದು. ಆ ವಯಸ್ಸಿನ ಮರಳುಗಲ್ಲು, ಜೇಡಿಗಲ್ಲಿನಂಥ ಪದರುಶಿಲೆ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಗ್ರಾನೈಟ್ ಆದರೆ ಬಿಟ್ಟುಬಿಡಿ. ಉದ್ಯಾನ ಮಾಡುವಾಗ ಬೇರೆಡೆಯ ಮಣ್ಣು ತಂದು ಸುರಿದಿದ್ದರೆ ಮಾತ್ರ ನಕ್ಷೆ ದಾರಿ ತಪ್ಪಿಸುತ್ತದೆ.

ಆಮೇಲೆ ಕಲ್ಲಿನ ಮುರಿದ ತುದಿಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಮೂಳೆಯಾದರೆ ಹೊರಗೆ ಒತ್ತಾದ ತೊಗಟೆ, ಒಳಗೆ ಸ್ಪಂಜಿನಂಥ ಜಾಲ ಇರುತ್ತದೆ. ಜಾಲದ ತೂತುಗಳಲ್ಲಿ ಹಲವೊಮ್ಮೆ ಬೇರೆ ಬಣ್ಣದ ಖನಿಜ ತುಂಬಿರುತ್ತದೆ. ಒಳಗೂ ಹೊರಗೂ ಒಂದೇ ಸಮನಾಗಿದ್ದರೆ, ಇಲ್ಲವೇ ಈರುಳ್ಳಿಯಂತೆ ಸುತ್ತು ಸುತ್ತಾಗಿದ್ದರೆ ಅದು ಬಹುಮಟ್ಟಿಗೆ ಖನಿಜದ ಉಂಡೆ. ‘ಡೈನೋಸಾರ್ ಮೊಟ್ಟೆ’ ಎಂದು ಜನ ತರುವುದು ಹೆಚ್ಚಾಗಿ ಇವನ್ನೇ. ನಾಲಿಗೆಗೆ ಅಂಟಿದರೆ ಮೂಳೆ ಎಂಬ ಪರೀಕ್ಷೆಯನ್ನು ನಂಬಬೇಡಿ, ಒಣ ಜೇಡಿಯೂ ಅಂಟುತ್ತದೆ.

ಅಮೆರಿಕದ ಮೇರಿಲ್ಯಾಂಡ್‌ನ ಲಾರೆಲ್‌ನಲ್ಲಿ ಇಂಥದೇ ಸಾರ್ವಜನಿಕ ಡೈನೋಸಾರ್ ಪಾರ್ಕ್ ಇದೆ. ಆ ಸೀಮೆಯ ಕಬ್ಬಿಣದ ಅದಿರಿನ ಗುಂಡಿಗಳಲ್ಲಿ 1858ರಲ್ಲೇ ಡೈನೋಸಾರ್ ಹಲ್ಲು ಸಿಕ್ಕಿತ್ತು. ಅಲ್ಲಿಯ ಜೇಡಿಯಲ್ಲಿ ಕಬ್ಬಿಣಗಲ್ಲು, ಲಿಗ್ನೈಟ್ (ಕಂದು ಕಲ್ಲಿದ್ದಲು), ಮೂಳೆ ಎಲ್ಲ ಬೆರೆತಿರುವುದರಿಂದ ಪಳಗಿದ ಕಣ್ಣೇ ಬೇಕು. ಸಂದರ್ಶಕರಿಗೆ ಏನೇ ಸಿಕ್ಕರೂ ಮನೆಗೆ ಒಯ್ಯುವಂತಿಲ್ಲ.

ಯಾವ ಪದರದಲ್ಲಿ, ಯಾವ ದಿಕ್ಕಿಗೆ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದರಿಂದಲೇ ಮೂಳೆಯ ವಯಸ್ಸೂ ಅದು ಹೂತ ಬಗೆಯೂ ತಿಳಿಯುವುದು. ಕಿತ್ತ ಕ್ಷಣವೇ ಅದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಒಂದು ಫೋಟೊ, ಒಂದು ಮೀಟರ್ ದೂರದಿಂದ ಒಂದು, ಇಡೀ ದಂಡೆ ಕಾಣುವಂತೆ ಮತ್ತೊಂದು ತೆಗೆಯಿರಿ. ಜಿಪಿಎಸ್ ಅಂಕಿಗಳನ್ನು ಐದು ದಶಮಾಂಶ ಸ್ಥಾನದವರೆಗೆ ಬರೆದುಕೊಳ್ಳಿ. ಇವನ್ನು ಉದ್ಯಾನದ ಕಚೇರಿಗೂ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೂ ಕಳಿಸಿ.

ತೊಳೆಯಲು ಹೋಗಬೇಡಿ. ನೀರು ಕುಡಿದ ಜೇಡಿ ಉಬ್ಬಿ ಮೂಳೆಯನ್ನು ಸೀಳುತ್ತದೆ. ಬಿರುಕಿಗೆ ಮನೆಯ ಅಂಟು ಹಚ್ಚಿದರೆ ಮುಂದೆ ಬಿಡಿಸುವುದು ಕಷ್ಟ; ತಜ್ಞರು ಅಸಿಟೋನ್ ದ್ರಾವಕದಲ್ಲಿ ಮತ್ತೆ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಬಳಸುವುದು ಅದಕ್ಕೇ. ಅವರು ಬರುವ ಮುಂಚೆ ಮಳೆ ಬರುವಂತಿದ್ದರೆ ಕಲ್ಲಿನ ಮೇಲೆ ಬಟ್ಟೆ ಹಾಸಿ, ಅಲ್ಲಿಯದೇ ಸಡಿಲ ಮಣ್ಣನ್ನು ನಾಲ್ಕು ಬೆರಳು ದಪ್ಪ ಮುಚ್ಚಿ.