ದಾರಿ ಹೇಳುವ ಫೋನಿಗಾಗಿ ಕಾಯಬೇಕಾ?

ಪ್ರಶ್ನೆ: ಅಡಿಕೆ, ರಬ್ಬರ್ ಸಾಗಿಸುವ ಪಿಕಪ್ ಓಡಿಸುತ್ತೇನೆ. ಒಳಗಿನ ಗುಡ್ಡಗಳಿಗೆ ಹೋದರೆ ರೇಂಜ್ ಇಲ್ಲ, ಫೋನಿನ ಮ್ಯಾಪ್ ಖಾಲಿ. ಅಮೆರಿಕದಲ್ಲಿರುವ ಭಾವನ ಹತ್ತಿರ ಹಿಂದೆ ಗಾರ್ಮಿನ್ ಫೋನ್ ಇತ್ತಂತೆ, ನೆಟ್ ಇಲ್ಲದೆಯೂ ದಾರಿ ಹೇಳುತ್ತಿತ್ತಂತೆ. ಅಂಥದ್ದು ಈಗ ಬಂದರೆ ಸ್ಮಾರ್ಟ್‌ಫೋನ್‌ಗಳ ಎದುರು ನಿಲ್ಲುತ್ತದಾ?
– ಒಬ್ಬ ಓದುಗ, ಪೆರ್ಲ

ಉತ್ತರ: ನಿಲ್ಲುವುದಿಲ್ಲ. ಕಾಯಬೇಡಿ.

ಭಾವ ಹೇಳಿದ್ದು ಬಹುಶಃ ನುವಿಫೋನ್. ಕಾರಿಗೆ ದಾರಿ ಹೇಳುವ ಉಪಕರಣ ಮಾಡುತ್ತಿದ್ದ ಗಾರ್ಮಿನ್ ಕಂಪನಿ ಅದನ್ನು 2008ರ ಜನವರಿಯಲ್ಲಿ ಘೋಷಿಸಿತು. ಆಮೇಲೆ ಕಂಪ್ಯೂಟರ್ ಕಂಪನಿ ಆಸುಸ್ ಜೊತೆ ಸೇರಿ ಅಮೆರಿಕದಲ್ಲಿ ಮಾರಾಟಕ್ಕೆ ತಂದದ್ದು 2009ರ ಅಕ್ಟೋಬರಿನಲ್ಲಿ. ಮೊಬೈಲ್ ಕಂಪನಿಯ ಜೊತೆ ಎರಡು ವರ್ಷದ ಕರಾರು ಮಾಡಿಕೊಂಡರೂ ಬೆಲೆ 299 ಡಾಲರ್. ತೆರೆದರೆ ಮೂರೇ ದೊಡ್ಡ ಗುಂಡಿ: ಕರೆ ಮಾಡು, ಹುಡುಕು, ಮ್ಯಾಪ್ ನೋಡು. ಕಾರಿನ ಹೋಲ್ಡರ್‌ನಿಂದ ತೆಗೆದ ಕೂಡಲೇ ಗಾಡಿ ನಿಲ್ಲಿಸಿದ ಜಾಗವನ್ನು ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಇದು ನನಗೆ ಈಗಲೂ ಇಷ್ಟ. ಕಾಸರಗೋಡು ಪೇಟೆಯಲ್ಲಿ ಪಾರ್ಕಿಂಗ್ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಆದರೆ ಅದೇ ಅಕ್ಟೋಬರ್ 28ಕ್ಕೆ ಗೂಗಲ್ ತನ್ನ ಆಂಡ್ರಾಯ್ಡ್ ಫೋನಿನಲ್ಲಿ ದಾರಿ ಹೇಳುವ ಸೌಲಭ್ಯವನ್ನು ಪುಕ್ಕಟೆ ಕೊಡುತ್ತೇವೆ ಎಂದಿತು. ಗಾರ್ಮಿನ್ ಷೇರು ಅವತ್ತೇ ಕುಸಿಯಿತು. ಮುಂದಿನ ಜನವರಿಯಲ್ಲಿ ನೋಕಿಯಾ ಕೂಡ ಪುಕ್ಕಟೆ ಮಾಡಿತು. ಮತ್ತೆ ದುಡ್ಡು ಕೊಟ್ಟು ಯಾರು ತಗೊಳ್ತಾರೆ? ಗಾರ್ಮಿನ್ ಈಗ ಕೈಗಡಿಯಾರ, ದೋಣಿ, ವಿಮಾನಗಳ ಉಪಕರಣ ಮಾಡಿಕೊಂಡು ಚೆನ್ನಾಗಿಯೇ ಇದೆ. ಫೋನ್ ಮಾತ್ರ ಬಿಟ್ಟಿತು.

ಪುಕ್ಕಟೆ ಎನ್ನುವುದೊಂದೇ ಕಾರಣ ಅಲ್ಲ. ಅಂಥ ಫೋನಿನೊಳಗೆ ತುಂಬಿಸಿಟ್ಟ ಮ್ಯಾಪ್ ಹಳತಾಗುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗುವಾಗ ಯಾವ ತಿರುವು ಎಲ್ಲಿಗೆ ಹೋಯಿತೆಂದು ನಮಗೇ ತಿಳಿಯುತ್ತಿರಲಿಲ್ಲ, ಅಲ್ವಾ? ನೆಟ್ ಇರುವ ಮ್ಯಾಪ್‌ಗೆ ಮುಂದೆ ಹೋದವರ ಫೋನಿನಿಂದಲೇ ಬ್ಲಾಕ್ ಎಲ್ಲಿದೆ ಎಂದು ತಿಳಿಯುತ್ತದೆ.

ಇನ್ನು ನಿಮ್ಮ ಗುಡ್ಡದ ಸಮಸ್ಯೆ. ಜಿಪಿಎಸ್‌ಗೆ ನೆಟ್ ಬೇಡ. ಉಪಗ್ರಹದ ಸಿಗ್ನಲ್ ಅದಕ್ಕೆ ಸಾಕು. ನೆಟ್ ಇದ್ದರೆ ಉಪಗ್ರಹಗಳು ಬೇಗ ಸಿಗುತ್ತವೆ, ಅಷ್ಟೇ. ನಿಮ್ಮ ಪರದೆ ಖಾಲಿಯಾಗುವುದು ಮ್ಯಾಪಿನ ಚಿತ್ರ ಇಳಿಯದೆ. ಮನೆಯ ವೈಫೈಯಲ್ಲಿ ಗೂಗಲ್ ಮ್ಯಾಪ್ಸ್ ತೆರೆಯಿರಿ. ನಿಮ್ಮ ಫೋಟೋ ಇರುವ ಗುಂಡಿ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ. ಕಾಸರಗೋಡು, ಬದಿಯಡ್ಕ, ಪುತ್ತೂರು, ಸುಳ್ಯ ಎಲ್ಲ ಒಳಗೆ ಬರುವಂತೆ ಚೌಕ ಎಳೆದು ಡೌನ್‌ಲೋಡ್ ಮಾಡಿ. ಆಗಾಗ ಅಪ್‌ಡೇಟ್ ಬೇಕು, ಇಲ್ಲದಿದ್ದರೆ ಅವಧಿ ಮುಗಿಯುತ್ತದೆ. ಆಫ್‌ಲೈನಿನಲ್ಲಿ ಟ್ರಾಫಿಕ್ ಕಾಣುವುದಿಲ್ಲ.

ಮಳೆಗಾಲದಲ್ಲಿ ತೋಟದ ಮಣ್ಣುದಾರಿ ತೋರಿಸಿದರೆ ಯಾವ ಫೋನನ್ನೂ ನಂಬಬೇಡಿ, ಲೋಡ್ ಇದ್ದರಂತೂ ಬೇಡವೇ ಬೇಡ. ಮೇಲೆ ಮನೆ ಇದ್ದವರಿಗೆ ಒಂದು ಕರೆ ಮಾಡಿ ಕೇಳಿ.

ದಾರಿ ನೋಡಲೆಂದೇ ಬೇರೆ ಫೋನ್ ಬೇಕೆಂದು ಅನ್ನಿಸಿದರೆ ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಆಂಡ್ರಾಯ್ಡ್ ತೆಗೆಯಿರಿ. ಸಿಮ್ ಬೇಡ. ಮ್ಯಾಪ್ ಇಳಿಸಿ, ಚಾರ್ಜರ್ ಸಿಕ್ಕಿಸಿ ಪಿಕಪ್‌ನಲ್ಲೇ ಇಡಿ. ಡ್ಯಾಶ್‌ಬೋರ್ಡಿನ ಮೇಲೆ ನೇರ ಬಿಸಿಲಿಗೆ ಬೇಡ, ಬಿಸಿಯಾದರೆ ಆಫ್ ಆಗಬಹುದು.