ಮನೆಯಲ್ಲೇ ಲೋಟಸ್ ಸೆವೆನ್ ತರಹದ ಕಾರು ಕಟ್ಟಬಹುದಾ? ಸಂಸಾರದ ನಡುವೆ ಅದು ಮುಗಿಯುತ್ತಾ?

ನೀವು ಕೇಳಿರುವುದು ಎರಡು ವಿಷಯ. ಗುಜರಿಯಲ್ಲಿ ಒಂದು ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಸಿಗುತ್ತಿದೆ, ಅದನ್ನಿಟ್ಟುಕೊಂಡು ಲೋಟಸ್ ಸೆವೆನ್ ಅನ್ನುವ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ ಕಟ್ಟಬಹುದಾ ಅಂತ ಒಂದು. ಮನೆಗೆ ಮಗು ಬರುವುದಿದೆ, ಕೆಲಸವೂ ಬದಲಾಗಿದೆ, ಇಂಥ ಹೊತ್ತಲ್ಲಿ ಕೈ ಹಾಕಬೇಕಾ ಅಂತ ಇನ್ನೊಂದು. ಕಟ್ಟಬಹುದು, ಕೈಯನ್ನೂ ಹಾಕಿ. ಎಸ್ಟೀಮ್ ಮಾತ್ರ ಬೇಡ.

ನಾನು ಮೂಡಿಗೆರೆ ಕಡೆಯವನು. ಸಣ್ಣ ಕಾಫಿ ತೋಟ, ಜೊತೆಗೆ ಮೆಣಸು. ಗೋಡೌನ್ ಪಕ್ಕದ ಶೆಡ್ಡಿನಲ್ಲಿ ನಾನು ಕಟ್ಟಿದ ಸೆವೆನ್ ಈಗ ಓಡುತ್ತಿದೆ, ಬಣ್ಣ ಇನ್ನೂ ಆಗಿಲ್ಲ. ನಡುವೆ ತಂಗಿ ಮದುವೆ ಬಂತು, ಅಪ್ಪನಿಗೆ ಸ್ಟ್ರೋಕ್ ಆಯಿತು, 2019ರ ಆಗಸ್ಟ್ ಮಳೆ ಬಂತು, ಅದರ ಹಿಂದೆಯೇ ಲಾಕ್‌ಡೌನ್. ಇಷ್ಟರ ಮಧ್ಯೆ ಕಾರು ಉಳಿಯಿತು ಅಂದರೆ ಅದಕ್ಕೆ ಒಂದೇ ಕಾರಣ, ಯಾವತ್ತು ಬೇಕಾದರೂ ನಿಲ್ಲಿಸಿ ಎದ್ದು ಹೋಗುವ ಹಾಗೆ ಕೆಲಸ ಇಟ್ಟುಕೊಂಡಿದ್ದೆ.

ಮೊದಲು ಕಾನೂನು, ಯಾಕೆಂದರೆ ಇದನ್ನು ಕೇಳಿದ ಮೇಲೆ ನಿಮಗೆ ಆಸೆ ಉಳಿಯುತ್ತಾ ಇಲ್ಲವಾ ಅನ್ನುವುದು ಗೊತ್ತಾಗಬೇಕು. ನಮ್ಮಲ್ಲಿ ಹೊಸ ಮಾದರಿಯ ವಾಹನ ರಸ್ತೆಗೆ ಇಳಿಯಬೇಕಾದರೆ ತಯಾರಕರು ಪುಣೆಯ ಎಆರ್‌ಎಐ ತರಹದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮಾದರಿ ಗಾಡಿಯನ್ನು ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು. ಅದು ಕಂಪನಿಗಳ ದಾರಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆ ಮಾಡಿ ನಂಬರ್ ಕೊಡುವ ವ್ಯವಸ್ಥೆ ಇದೆ, ನಮ್ಮಲ್ಲಿ ಆ ಅನುಕೂಲ ಇಲ್ಲ. ಹಳೆ ಗಾಡಿಯ ಆರ್‌ಸಿ ಇದೆಯಲ್ಲ, ಅದರ ಮೇಲೆ ಓಡಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅಂದರೆ ಗಾಡಿಯ ರೂಪ ಬದಲಾಯಿಸುವುದರ ಬಗ್ಗೆ ಇರುವ ನಿಯಮ, ಅದಕ್ಕೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಬಿಚ್ಚಿದ ಗಾಡಿ ಇನ್ನು ಓಡುವುದಿಲ್ಲ ಅಂತಾದಾಗ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು, ಅದು 55ನೇ ಸೆಕ್ಷನ್. ಅಂದರೆ ನಿಮ್ಮ ಕಾರು ಸ್ವಂತ ಜಾಗದಲ್ಲಿ ಮಾತ್ರ. ನನಗೆ ತೋಟದ ರಸ್ತೆ ಇದೆ, ಕಾಂಕ್ರೀಟ್ ಕಣ ಇದೆ, ಸಾಕು. ನಿಮಗೆ ಅಂಥ ಜಾಗ ಎಲ್ಲಿದೆ ಅಂತ ಇವತ್ತೇ ಯೋಚಿಸಿ.

ಇನ್ನು ಯಾವ ಕಾರು ಅನ್ನುವ ಪ್ರಶ್ನೆ. ನೀವು ಸೆವೆನ್ ಆರಿಸಿದ್ದು ನನಗೆ ತುಂಬಾ ಖುಷಿ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1957ರಲ್ಲಿ ಅದನ್ನು ತಂದಾಗ ಕೊಂಡವರೇ ಜೋಡಿಸಿಕೊಳ್ಳಲಿ ಅಂತ ಕಿಟ್ ಆಗಿಯೂ ಮಾರಿದರು, ಕಿಟ್ ತಗೊಂಡರೆ ಅಲ್ಲಿನ ಪರ್ಚೇಸ್ ಟ್ಯಾಕ್ಸ್ ಉಳಿಯುತ್ತಿತ್ತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಬ್ರಿಟಿಷ್ ಕಂಪನಿಗೆ ಹೋಯಿತು, ಅವರು ಇವತ್ತಿಗೂ ಕಟ್ಟುತ್ತಿದ್ದಾರೆ. ಮನೆಯಲ್ಲಿ ಕಟ್ಟಲೆಂದೇ ಹುಟ್ಟಿದ ಕಾರು ಅದು. ಮೈಯೆಲ್ಲ ಚಪ್ಪಟೆ, ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ರಿವೆಟ್ ಹೊಡೆದರೆ ಆಯಿತು. ಮೂತಿ ಮತ್ತು ಮಡ್‌ಗಾರ್ಡ್ ಮಾತ್ರ ಫೈಬರ್. ಕೋಬ್ರಾ, ಪೋರ್ಷೆ ಸ್ಪೈಡರ್ ಅಂತ ಹೋದರೆ ಎಲ್ಲ ಕಡೆ ಉಬ್ಬು ತಗ್ಗು, ಅಚ್ಚು ಮಾಡುವುದರಲ್ಲೇ ವರ್ಷಗಳು ಕಳೆಯುತ್ತವೆ.

ಎಸ್ಟೀಮ್ ಯಾಕೆ ಬೇಡ ಅಂದರೆ ಅದರ ಎಂಜಿನ್ ಅಡ್ಡ ಕೂರುತ್ತದೆ, ಮುಂದಿನ ಚಕ್ರ ಎಳೆಯುತ್ತದೆ. ಸೆವೆನ್‌ಗೆ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಳ್ಳಬೇಕು. ಅದೇ ಮನೆತನದ 1298 ಸಿಸಿ ಎಂಜಿನ್ ಜಿಪ್ಸಿ ಕಿಂಗ್‌ನಲ್ಲೂ ಇದೆ, ಉದ್ದಕ್ಕೆ ಇದೆ, ಐದು ಗೇರಿನ ಗೇರ್‌ಬಾಕ್ಸ್ ಜೊತೆಗೇ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಜಿಪ್ಸಿ ಹುಡುಕುವುದು ಕಷ್ಟವಲ್ಲ, ಎಷ್ಟೋ ತೋಟಗಳಲ್ಲಿ ತುಕ್ಕು ಹಿಡಿದು ನಿಂತಿರುತ್ತದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಇರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್ ಅಷ್ಟೆ. ಹಾಗಾಗಿ ಅದನ್ನು ತೆಗೆದಿಟ್ಟು ಗೇರ್‌ಬಾಕ್ಸಿನಿಂದ ನೇರ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು. ಕಾರ್ಬ್ಯುರೇಟರ್ ಇರುವ ಹಳೆ ಎಂಜಿನ್ ಸಿಕ್ಕರೆ ಇನ್ನೂ ಒಳ್ಳೆಯದು, ವೈರಿಂಗ್ ಸುಲಭ. ಸುಮಾರು 60 ಅಶ್ವಶಕ್ತಿ ಬರುತ್ತದೆ. ಕಡಿಮೆ ಆಯಿತು ಅನಿಸಬಹುದು, ಆದರೆ ಮೊದಮೊದಲ ಸೆವೆನ್‌ಗೆ ಇದ್ದದ್ದು 1172 ಸಿಸಿ ಫೋರ್ಡ್ ಎಂಜಿನ್, ಅದರ ಶಕ್ತಿ 40ರ ಆಸುಪಾಸು. ಹಗುರ ಇದ್ದರೆ ಅಷ್ಟೇ ಸಾಕಾಗುತ್ತದೆ.

ಸ್ಟೀರಿಂಗ್ ರ‍್ಯಾಕ್, ಮುಂದಿನ ನಕಲ್ (ಚಕ್ರ ಕೂರುವ, ಸ್ಟೀರಿಂಗ್ ಜೊತೆ ತಿರುಗುವ ಭಾಗ), ಹಿಂದಿನ ಆಕ್ಸಲ್, ಚಕ್ರ, ಇವೆಲ್ಲ ನಾನು ಒಂದು ಓಮ್ನಿಯಿಂದ ತೆಗೆದೆ. ಓಮ್ನಿಯೂ ಹಿಂದಿನ ಚಕ್ರದ ಗಾಡಿಯೇ ಅಲ್ವಾ, ಅಗಲವೂ ಸೆವೆನ್‌ಗೆ ಹೊಂದುತ್ತದೆ. ಮುಂದಿನ ನಕಲ್ ಮೇಲೆ ಬಾಲ್ ಜಾಯಿಂಟ್ ಕೂರಿಸುವುದಕ್ಕೆ ಮಾತ್ರ ಲೇತ್‌ನಲ್ಲಿ ಒಂದು ತುಂಡು ತಿರುಗಿಸಿಕೊಳ್ಳಬೇಕು. ಆ ತುಂಡು, ಸಸ್ಪೆನ್ಷನ್ ಬ್ರಾಕೆಟ್, ಬ್ರೇಕ್ ಪೆಡಲ್ ಕೂರುವ ಜಾಗ, ಸೀಟ್ ಬೆಲ್ಟ್ ಕಟ್ಟುವ ಜಾಗ, ಇವುಗಳ ವೆಲ್ಡಿಂಗ್ ಪಳಗಿದ ಕೈಯಿಂದಲೇ ಆಗಬೇಕು. ನಾನು ಅದನ್ನೆಲ್ಲ ಟ್ಯಾಕ್ ಹಾಕಿ, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್ ಮಾಡಿ ಹಿಡಿಸಿ, ಪಿಕಪ್‌ನಲ್ಲಿ ಚಿಕ್ಕಮಗಳೂರಿಗೆ ಒಯ್ದು ಮಾಡಿಸಿದೆ. ದುಡ್ಡು ಹೋದರೂ ಪ್ರಾಣದ ವಿಷಯ ಅದು.

ಚಾಸಿಗೆ ಬೇಕಾದದ್ದು ಗೇಟು, ಗ್ರಿಲ್ಲಿಗೆ ಬಳಸುವ 25 ಮಿ.ಮೀ. ಸ್ಕ್ವೇರ್ ಪೈಪ್, ಗೋಡೆ ದಪ್ಪ 1.6 ಮಿ.ಮೀ. ಅಂಗಡಿಯಲ್ಲಿ ಅದಕ್ಕಿಂತ ತೆಳುವಾದದ್ದೂ ಇರುತ್ತದೆ, ವರ್ನಿಯರ್ ಒಯ್ದು ಅಳೆದು ತನ್ನಿ. ಸಮತಟ್ಟಾದ ಹಲಗೆ ಮೇಲೆ ಪೂರ್ತಿ ಚೌಕಟ್ಟನ್ನು ಬರೀ ಟ್ಯಾಕ್‌ನಲ್ಲಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಅಳತೆ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಬದಲಾಯಿಸುತ್ತಾ ಪೂರ್ತಿ ವೆಲ್ಡ್ ಮಾಡಿ. ಒಂದೇ ಕಡೆ ಮಾಡುತ್ತಾ ಹೋದರೆ ಬಿಸಿಗೆ ಚೌಕಟ್ಟು ಎಳೆದುಕೊಳ್ಳುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದೇ ಮುಖ್ಯ. ಕಾರು ಕಟ್ಟಲು ಹೋಗಿ ಬಿಟ್ಟವರನ್ನು ನೋಡಿದ್ದೇನೆ, ಅವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಏನೋ ಒಂದು ಬಂದು ಅರ್ಧಕ್ಕೆ ನಿಂತಿತು, ವಾಪಸ್ ಬರುವಷ್ಟರಲ್ಲಿ ತುಕ್ಕು, ಇಲಿ, ಕಳೆದುಹೋದ ಬೋಲ್ಟು, ಇವನ್ನು ನೋಡಿ ಮನಸ್ಸೇ ಹೋಯಿತು. ಅದಕ್ಕೆ ಮೊದಲ ಗುರಿ ಎಂಜಿನ್ ಸ್ಟಾರ್ಟ್ ಮಾಡುವುದಲ್ಲ, ಚಾಸಿಯನ್ನು ನಾಲ್ಕು ಗಾಲಿ ಮೇಲೆ ನಿಲ್ಲಿಸುವುದು. ಗಾಲಿ ಮೇಲೆ ಇದ್ದರೆ ಮನೆಯವರಿಗೆ ಜಾಗ ಬೇಕಾದಾಗ ತಳ್ಳಿ ಪಕ್ಕಕ್ಕಿಡಬಹುದು. ತಂಗಿ ಮದುವೆಗೆ ಶೆಡ್ಡು ಅಡುಗೆಯವರಿಗೆ ಬೇಕಾಯಿತು, ತಳ್ಳಿದೆವು. ಕಾಫಿ ಕುಯ್ಲಿನಲ್ಲಿ ಚೀಲ ಇಡಲು ಬೇಕು, ಪ್ರತಿ ಸಲ ತಳ್ಳುತ್ತೇವೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದು ನಿಮಗೂ ನೆನಪಿರಬಹುದು. ಆಗ ಶೆಡ್ಡಿನ ಹಿಂದಿನ ಬರೆ ಜರಿದು ಒಳಗೆ ಕೆಸರು ನೀರು ನುಗ್ಗಿತು. ನಾನೂ ಪಕ್ಕದ ಮನೆ ಹುಡುಗನೂ ಸೇರಿ ರಾತ್ರಿಯೇ ಅದನ್ನು ಗೋಡೌನಿಗೆ ತಳ್ಳಿದೆವು. ಸ್ಟ್ಯಾಂಡ್ ಮೇಲೆ ಇದ್ದಿದ್ದರೆ ಅಲ್ಲೇ ಹೂತುಹೋಗುತ್ತಿತ್ತು.

ಎರಡನೆಯದು, ಪ್ರತಿ ದಿನ ಕೆಲಸ ಮುಗಿಸುವಾಗ ನಾಳೆ ಬರುವುದೇ ಇಲ್ಲ ಅನ್ನುವ ಹಾಗೆ ಮುಚ್ಚಿಡಿ. ವೆಲ್ಡ್ ಆದ ಭಾಗಕ್ಕೆ ಅವತ್ತೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಬಿಚ್ಚಿದ ಬೋಲ್ಟು ಡಬ್ಬಕ್ಕೆ, ಡಬ್ಬದ ಮೇಲೆ ಹೆಸರು. ಎಂಜಿನ್ ಸುಮ್ನೆ ಕೂರುವುದಾದರೆ ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ, ಕಾರ್ಬ್ಯುರೇಟರ್ ಬಾಯಿ ಕಟ್ಟಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದನ್ನು ಕೊನೆಯವರೆಗೂ ತುಂಬಲೇಬೇಡಿ. ವೈರಿಂಗ್ ಬಂಡಲ್ ಮನೆಯೊಳಗೆ, ಇಲಿಗೆ ಎಟುಕದ ಕಡೆ.

ಅಪ್ಪನಿಗೆ ಸ್ಟ್ರೋಕ್ ಆದಾಗ ಈ ಅಭ್ಯಾಸವೇ ಕಾಪಾಡಿತು. ಅವತ್ತು ಆಸ್ಪತ್ರೆಗೆ ಓಡಿದವನು ತುಂಬಾ ಕಾಲ ಶೆಡ್ಡಿನ ಬಾಗಿಲು ತೆಗೆಯಲಿಲ್ಲ, ತೆಗೆದಾಗ ಏನೂ ಹಾಳಾಗಿರಲಿಲ್ಲ. ಆಮೇಲೆ ಅಪ್ಪನ ಬಲಗೈ ಬೆರಳಿಗೆ ವ್ಯಾಯಾಮ ಬೇಕು, ಸಣ್ಣ ಸಣ್ಣ ವಸ್ತು ಎತ್ತಿಡಿಸಿ ಅಂತ ಫಿಸಿಯೋಥೆರಪಿಯವರು ಹೇಳಿದರು. ಅಪ್ಪ ಬೆಳಿಗ್ಗೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ನಟ್ಟು, ಬೋಲ್ಟು, ವಾಷರ್ ಎಲ್ಲ ಅಳತೆ ಪ್ರಕಾರ ಹಾರ್ಲಿಕ್ಸ್ ಬಾಟಲಿಗಳಿಗೆ ವಿಂಗಡಿಸಿದರು. ಮೊದಲು ದೊಡ್ಡವು, ಬೆರಳು ಬಂದ ಹಾಗೆ ಸಣ್ಣವು. ಈಗ "ಎಂಟು ಮಿಲ್ಲಿಮೀಟರ್ ಖಾಲಿಯಾಗಿದೆ ಕಣೋ, ತಗೊಂಡು ಬಾ" ಅಂತ ಅವರೇ ನೆನಪಿಸುತ್ತಾರೆ.

ಕೆಲಸವನ್ನು ಕಾಲಕ್ಕೆ ತಕ್ಕ ಹಾಗೆ ಹಂಚಿಕೊಳ್ಳಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಆಗ ವೆಲ್ಡಿಂಗ್ ನಂಬಿಕೊಂಡು ಕೂರಬಾರದು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ವೈರಿಂಗ್, ನಕ್ಷೆ, ಇವು ಆಗಿನ ಕೆಲಸ. ಫೈಬರ್ ಅಂತೂ ಮಳೆಗಾಲದಲ್ಲಿ ಮುಟ್ಟಲೇಬೇಡಿ. ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮಾಡಿ. ಮಗು ಇರುವ ಮನೆ ಆದ್ದರಿಂದ ಒತ್ತಿ ಹೇಳುತ್ತೇನೆ, ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಮತ್ತು ಅದನ್ನು ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ದ್ರವ ಎರಡನ್ನೂ ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸಿಡಿದು ಬೆಂಕಿ ಹತ್ತುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡು ಬಾಟಲಿ ಬೇರೆ ಬೇರೆ ಕಪಾಟಿನಲ್ಲಿ, ಬೀಗ ಹಾಕಿ. ಗ್ರೈಂಡಿಂಗ್ ಧೂಳು ಮೈಮೇಲೆ ಇದ್ದಾಗ ಮಗುವನ್ನು ಎತ್ತಿಕೊಳ್ಳಬೇಡಿ.

ದುಡ್ಡಿನ ವಿಷಯದಲ್ಲಿ ನಾನೂ ನನ್ನ ಹೆಂಡತಿಯೂ ಶುರುವಿನಲ್ಲೇ ಮಾತಾಡಿಕೊಂಡೆವು. ಕಾಫಿ ದುಡ್ಡು ಮನೆಗೆ, ಮೆಣಸಿನ ದುಡ್ಡಿನಲ್ಲಿ ಒಂದು ಪಾಲು ಕಾರಿಗೆ. ಮೆಣಸು ಕೈಕೊಟ್ಟ ವರ್ಷ ಕಾರಿಗೆ ಏನೂ ಇಲ್ಲ. ಅಪ್ಪನ ಚಿಕಿತ್ಸೆ ನಡೆದಾಗ ಆ ಪಾಲೂ ಅದಕ್ಕೇ ಹೋಯಿತು, ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಏಳಲಿಲ್ಲ, ಮೊದಲೇ ತೀರ್ಮಾನ ಆಗಿತ್ತಲ್ಲ. ನಿಮಗೆ ಸಂಬಳ ಇದ್ದರೆ ಬೋನಸ್ಸೋ, ಓವರ್‌ಟೈಮೋ, ಯಾವುದೋ ಒಂದನ್ನು ಗುರುತು ಮಾಡಿಕೊಳ್ಳಿ. ಸಾಲ ಮಾತ್ರ ಬೇಡ. ನಂಬರ್ ಸಿಗದ ಕಾರಿಗೆ ಸಾಲ ಮಾಡಿದರೆ ಮಾರಿ ತೀರಿಸುವ ದಾರಿಯೂ ಇರುವುದಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟು. ಎಸ್ಟೀಮಿಗೆ ಮುಂಗಡ ಕೊಡಬೇಡಿ. ಈಗ ಬೇಕಾಗಿರುವುದು ಸ್ಕ್ವೇರ್ ಪೈಪು, ಒಂದು ಹಲಗೆ, ಒಂದು ಇನ್ವರ್ಟರ್ ವೆಲ್ಡಿಂಗ್ ಮಷಿನ್. ಹೆರಿಗೆ ಆಗಿ ಬಾಣಂತನ ಮುಗಿಯುವವರೆಗೆ ಕಾಗದದ ಮೇಲೆ ಅಳತೆ ಹಾಕಿ, ತುಂಡು ಪೈಪಿನ ಮೇಲೆ ವೆಲ್ಡಿಂಗ್ ಅಭ್ಯಾಸ ಮಾಡಿ, ಹಾಕಿದ ಜಾಯಿಂಟನ್ನು ಸುತ್ತಿಗೆಯಲ್ಲಿ ಹೊಡೆದು ಮುರಿದು ನೋಡಿ. ವೆಲ್ಡ್ ಬಿಡದೆ ಪೈಪೇ ಹರಿಯುವಷ್ಟು ಕೈ ಬಂದ ಮೇಲೆ ಚಾಸಿ ಶುರು ಮಾಡಿ. ಅಷ್ಟರಲ್ಲಿ ಜಿಪ್ಸಿ ಹುಡುಕುತ್ತಿರಿ, ಬಾಡಿ ತುಕ್ಕು ತಿಂದಿದ್ದರೆ ನಿಮಗೆ ಲಾಭವೇ, ಕಡಿಮೆ ಬೆಲೆಗೆ ಸಿಗುತ್ತದೆ. ಎಂಜಿನ್ ಮಾತ್ರ ಸ್ಟಾರ್ಟ್ ಮಾಡಿಸಿ ಕೇಳಿ, ಎಲ್ಲ ಗೇರೂ ಹಾಕಿ ಓಡಿಸಿ ನೋಡಿ, ಮಾಲೀಕರ ಹೆಸರಿಗೇ ಆರ್‌ಸಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ನಕಲ್ ಮೇಲಿನ ಆ ಲೇತ್ ತುಂಡಿನ ನಕ್ಷೆ ನನ್ನ ಹತ್ತಿರ ಅಳತೆ ಸಮೇತ ಇದೆ, ಬೇಕಾದರೆ ಇಲ್ಲೇ ಕೆಳಗೆ ತಿಳಿಸಿ, ಹಾಕುತ್ತೇನೆ.